ಸೋರೂ ಮಾಳಿಗಿ, ಮಗ ತಂದ ಸೀಡಿ

"ಯವ್ವಾ, ಇದು ಇಂಡಿ ಬ್ಯಾಂಡ್" ಅಂದ ಮಗ. ಬ್ಯಾಗಿನ್ಯಾಗಿಂದ ಒಂದು ಸೀಡಿ ತಗದು ನನ್ನ ಕೈಗಿ ಕೊಟ್ಟ.

ಮೂಲ್ಯಾಗ ಕುಂತು ಬಳ್ಳೊಳ್ಳಿ ಸುಲಿಯಾಕ ಹತ್ತಿದ್ದ ನಮ್ಮತ್ತಿ ತಲಿ ಎತ್ತಿದ್ರು. "ನಮ್ಮ ಇಂಡ್ಯಾವರೇನೋ? ಯಾರ ಮನಿ ಹುಡುಗೂರು?"

ಮಗ ನಕ್ಕಿದ್ದ ನಕ್ಕಿದ್ದು. 'ಇಂಡಿ' ಅಂದ್ರ ನಮ್ಮ ತಾಲೂಕ ಅಲ್ಲಂತ, ಇಂಡಿಪೆಂಡೆಂಟ್ ಅನ್ನೂದರ ಗಿಡ್ಡ ಹೆಸರಂತ. ಸಿನಿಮಾದವ್ರು ಹೇಳಿದಂಗ ಹಾಡೂ ಮಂದಿ ಅಲ್ಲ ಇವರು. ತಮ್ಮ ಹಾಡು ತಾವ ಕೂಡಿಸಿ, ತಾವ ಬಾರಿಸಿ, ತಮಗ ಸೇರಿದಂಗ ಹಾಡಾವ್ರು. ಅತ್ತಿ ಎಲ್ಲಾ ಕೇಳಿ, "ಅಂದ್ರ ಲಾವಣಿಗಿ ಮಾಡಿದ ಹೊಲ ಅಲ್ಲ, ಸ್ವಂತ ಕಮತ ಅನ್ನು" ಅಂದು ಮತ್ತ ಬಳ್ಳೊಳ್ಳಿ ಹಿಡದ್ರು. ಅದಕ್ಕಿಂತ ಚಂದಾಗಿ ಯಾರು ಹೇಳ್ತಾರ ಹೇಳ್ರಿ.

ಯಾವಾಗೂ ಶೇಂಗಾ ಹಿಂಡಿ, ಕಟಕ ರೊಟ್ಟಿ, ಕುಬುಸದ ಕಾರ್ಯಾ ಅಂತ ಬರಿಯೂ ನಾನು ಈ ಸಲ ಒಂದು ಸೀಡಿ ಬಗ್ಗೆ ಬರಿಯಾಕ ಕುಂತೀನಿ. ನಗಬ್ಯಾಡ್ರಿ. ನಾ ಓದಿದ್ದು ಪಿಯುಸಿ, ಸಂಗೀತ ಕಲತಾಕಿ ಅಲ್ಲ. ಆದ್ರ ಸಣ್ಣಾಕಿ ಇದ್ದಾಗಿಂದ ಶರೀಫಜ್ಜನ ಪದಾ ಕೇಳಿದ ಕಿವಿ ಅದಾವ. ಅಷ್ಟ ಧೈರ್ಯದ ಮ್ಯಾಲ ಬರೀತೀನಿ.

ಸೀಡಿ ಹೆಸರು 'ಅಂತರಾಗ್ನಿ'. ಒಳಗಿನ ಬೆಂಕಿ ಅಂತ ಅರ್ಥ. ಹಾಡಿದವ ರಘು ದೀಕ್ಷಿತ್, ಮೈಸೂರಾಗ ಬೆಳದವ. ತಂಡದ ಹೆಸರು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. 2008ರಾಗ ಬಂದೈತಿ, ನಮ್ಮ ಮನಿಗಿ ಬಂದಿದ್ದು ಹೋದ ದೀಪಾವಳಿಗಿ, ಅಂದ್ರ 2009ರಾಗ. ಅದರ ಹಿಂದಿನ ವರ್ಷ 'ಸೈಕೋ' ಸಿನಿಮಾದ ಮಹದೇಶ್ವರನ ಹಾಡು ಟಂಟಂದಾಗ, ಹೋಟೆಲಿನ್ಯಾಗ, ಗಣಪತಿ ಮುಂದ ಎಲ್ಲಾ ಕಡೆ ಹಚ್ಚತಿದ್ರಲ್ಲ, ಅದರ ಸಂಗೀತ ಇವನದ. ಎಂಎಸ್ಸಿ ಓದಿದಾವ, ಭರತನಾಟ್ಯ ಕಲತಾವ, ಲುಂಗಿ ಉಟ್ಟು ಕಾಲಾಗ ಗೆಜ್ಜಿ ಕಟ್ಟಿಕೊಂಡು ಸ್ಟೇಜ್ ಮ್ಯಾಲ ಗಿಟಾರ್ ಬಾರಸ್ತಾನಂತ. ಭಾಳ ದಿವಸ ಯಾವ ಕಂಪನಿನೂ ಇವನ ಹಾಡು ತಗೊಳ್ಳಲಿಲ್ಲಂತ. ಕಡೀಕ ಹಿಂದಿ ಸಿನಿಮಾದ ವಿಶಾಲ್-ಶೇಖರ್ ಅನ್ನೂ ಜೋಡಿ ಕೇಳಿ, ತಮ್ಮದ ಕಂಪನಿ ಮಾಡಿ ಈ ಸೀಡಿ ಹೊರಗ ತಂದ್ರಂತ. ಇಷ್ಟು ಮಗ ಹೇಳಿದ್ದು.

ಇನ್ನ ನಾ ಹೇಳೂದು ಬ್ಯಾರೆ ಐತಿ. ಅದಕ್ಕ ಮೊದಲ ನಮ್ಮ ಮಾಳಿಗಿ ಕತಿ ಹೇಳಬೇಕು.

ನಮ್ಮದು ಇಂಡಿ ತಾಲೂಕಿನ ಒಂದು ಹಳ್ಳಿ. ಮನಿ ಮಾವನವರ ಅಪ್ಪ ಕಟ್ಟಿಸಿದ್ದು. ಮಣ್ಣಿನ ಗ್ವಾಡಿ, ಬೇವಿನ ತೊಲಿ, ಮ್ಯಾಲ ಜಂತಿ, ಅದರ ಮ್ಯಾಲ ಕಟಗಿ ತಪ್ಪಲ ಹಾಸಿ ಮಣ್ಣು ಮೆತ್ತಿದ ಮಾಳಿಗಿ. ಮಣ್ಣಿನ ಮಾಳಿಗಿ ಅಂದ್ರ ಕೂಸು ಇದ್ದಂಗ್ರಿ, ವರ್ಷಾ ವರ್ಷಾ ನೋಡಿಕೋಬೇಕು. ಮಿರಗ ಕೂಡೂದರಾಗ ಹಳ್ಳದ ದಂಡಿಯಿಂದ ಕರಲ ಮಣ್ಣು ತಂದು ಹರವಿ ತುಳಿಬೇಕು. ಆ ಮಣ್ಣಿಗಿ ನೀರು ಬಿದ್ರ ಒಳಗ ಬಿಟ್ಟುಕೊಳ್ಳಂಗಿಲ್ಲ, ಮ್ಯಾಲಿಂದ ಮ್ಯಾಲ ಜಾರಿಸಿ ಕಳಸ್ತೈತಿ. ಬಿಸಲಿಗಿ ಮಾಳಿಗಿ ಸೀಳಿದ್ರ ಆ ಸೀಳು ಮುಚ್ಚಬೇಕು. ಹುಲ್ಲು ಹುಟ್ಟಿದ್ರ ಕೀಳಬೇಕು. ಬೇರು ಇಳದ್ರ ಅದ ದಾರಿ ಹಿಡದು ನೀರು ಇಳೀತೈತಿ.

2009ರಾಗ ಮಿರಗ ಕೈ ಕೊಟ್ಟಿತು. ಆಷಾಢ ಒಣಗಿತು, ಶ್ರಾವಣನೂ ಅಷ್ಟಕ್ಕಷ್ಟ. ಮಳಿ ಇಲ್ಲದ ವರ್ಷ ಮಾಳಿಗಿಗಿ ಮಣ್ಣು ಯಾಕ ಅಂತ ನಾವೂ ಸುಮ್ಮನಾದ್ವಿ. ಬಿಸಲಿಗಿ ಮಾಳಿಗಿ ಸೀಳಿ ಬೊಟ್ಟು ಹೋಗೂವಷ್ಟು ಸಂದಿ ಬಿದ್ದಿದ್ವು. ದಸರಾ ಮುಗದು ಬನ್ನಿ ಬಂಗಾರ ಕೊಟ್ಟ ತಗೊಂಡು ಆತು, ಸೆಪ್ಟೆಂಬರ್ ತಿಂಗಳ ಕೊನಿಗಿ ಹಸ್ತಾ ಮಳಿ ಹಿಡೀತು ನೋಡ್ರಿ. ಹಗಲ ಇಲ್ಲ, ರಾತ್ರಿ ಇಲ್ಲ. ಬಿಜಾಪುರ, ಬಾಗಲಕೋಟ, ರಾಯಚೂರು, ಗುಲಬರ್ಗಾ, ಎಲ್ಲಾ ಕಡೆ ಅದ ಹಾಡು. ರಾಜ್ಯದಾಗ ಇನ್ನೂರಕ್ಕ ಮ್ಯಾಲ ಮಂದಿ ಸತ್ರು. ಹೊಳಿ ದಂಡಿಯವರಿಗಿ ಹೊಳಿ ಬಂತು. ಹೊಳಿ ದೂರ ಇದ್ದ ನಮ್ಮಂಥವರಿಗಿ ನಮ್ಮ ಗ್ವಾಡಿನ ಹೊಳಿ ಆದ್ವು.

ಮೊದಲನೇ ದಿನ ಪಡಸಾಲ್ಯಾಗ ಒಂದು ಕಡೆ ಸೋರಿತು, ಪರಾತ ಇಟ್ಟೆ. ಆಮ್ಯಾಲ ದೇವರ ಖೋಲ್ಯಾಗ ಬೋಗುಣಿ. ಹಾಸಿಗಿ ಮ್ಯಾಲ ಬಕೀಟು. ಎರಡನೇ ದಿನಕ್ಕ ಮನ್ಯಾಗ ಇಡಾಕ ಭಾಂಡಿ ಉಳೀಲಿಲ್ಲ, ಚಾ ಸೋಸೂ ಪಾತ್ರಿ ಸೈತ ಇಟ್ಟಿದ್ದೆ. ಹಿತ್ತಾಳಿದು ಒಂದ ದನಿ, ಸ್ಟೀಲಿಂದು ಒಂದ ದನಿ, ಪ್ಲಾಸ್ಟಿಕ್ಕಿಂದು ಒಂದ ದನಿ. ಜ್ವಾಳದ ಚೀಲದ ಮ್ಯಾಲ ತಾಡಪತ್ರಿ ಹೊಚ್ಚಿದ್ರೂ ತಳದಾಗ ತಂಪು ಏರಿ ಎರಡು ಚೀಲ ಮೊಳಕಿ ಒಡದ್ವು. ಮೂರನೇ ದಿನ ಸಂಜಿಗಿ ನಮ್ಮ ಮನಿಯವ್ರು ಗ್ವಾಡಿಗಿ ಕೈ ಹಚ್ಚಿ ನೋಡಿ, "ಇನ್ನ ಒಳಗ ಇರೂದು ಬ್ಯಾಡ" ಅಂದ್ರು. ಅತ್ತಿನ್ನ ಹೊತ್ತುಕೊಂಡು ಊರ ಸಾಲಿಗಿ ಹೋದ್ವಿ. ಅವತ್ತ ರಾತ್ರಿ ಅಡಗಿ ಮನಿ, ಹಿಂದಿನ ಖೋಲಿ ಎರಡೂ ಕುಂತ ಬಿಟ್ವು. ಯಾರಿಗೂ ಏನೂ ಆಗಲಿಲ್ಲ, ಬಸವಣ್ಣ ದೊಡ್ಡಾವ. ಆದ್ರ ಹಿಂದಿನ ಖೋಲ್ಯಾಗ ಗೂಟಕ್ಕ ನಮ್ಮ ಮಾವನವರ ಏಕತಾರಿ ಇತ್ತು. ಮಣ್ಣು ತಗದಾಗ ಅದರ ಬುರುಡಿ ನಾಕ ಚೂರಾಗಿತ್ತು.

ಮಾವನವರು ಭಜನಿಯವರು. ಸೋಮವಾರ, ಅಮಾಸಿ ತಪ್ಪಿಸಿದವರಲ್ಲ. ಅವರು ಭಾಳ ಪ್ರೀತಿಲೆ ಹಾಡತಿದ್ದ ಪದ 'ಸೋರುತಿಹುದು ಮನಿಯ ಮಾಳಿಗಿ'. ಶಿಶುನಾಳದ ಶರೀಫಜ್ಜನದು. ಅಜ್ಜ 1819ರಿಂದ 1889ರ ತನಕ ಬದುಕಿದವರು, ಗುರು ಗೋವಿಂದಭಟ್ಟರು. ನಮ್ಮ ಮಾತಿನ್ಯಾಗ ತತ್ವ ಹೇಳಿದವರು. ಮನಿ ಅಂದ್ರ ಈ ದೇಹ. ತಿಳುವಳಿಕಿ ಇಲ್ಲದಕ್ಕ ಅದರ ಮಾಳಿಗಿ ಸೋರ್ತೈತಿ, ನೆಟ್ಟಗ ಮಾಡೂವ್ರು ಯಾರೂ ಇಲ್ಲ, ಕತ್ತಲಾಗ ಮ್ಯಾಲ ಏರಾಕೂ ಆಗಂಗಿಲ್ಲ ಅನ್ನೂ ಅರ್ಥದ್ದು. ಮಾವನವರು ಕಣ್ಣ ಮುಚ್ಚಿ ನಿಧಾನಕ ಹಾಡತಿದ್ರ ದಮ್ಮಡಿ ಬಾರಿಸಾವ ಸೈತ ಬೆರಳ ಸಣ್ಣ ಮಾಡತಿದ್ದ. ನಾ ಬಾಗಲ ಮರಿಗಿ ನಿಂತು ಕೇಳತಿದ್ದೆ. ನನಗ ಆ ಪದ ಅಂದ್ರ ಅದ ದನಿ.

ಇಂಥಾದರಾಗ ಮಗ ಬಂದ. ಮಳಿ ನಿಂತು ಎರಡು ವಾರ. ಉಳಿದ ಪಡಸಾಲ್ಯಾಗ ಒಲಿ ಹೂಡಿದ್ದೆ, ಹಿಂದ ಗ್ವಾಡಿ ಇಲ್ಲದ ಕಡೆ ತಾಡಪತ್ರಿ ಕಟ್ಟಿದ್ವಿ. ಕರ್ಚಿಕಾಯಿ ಇಲ್ಲ, ಚಕ್ಕಲಿ ಇಲ್ಲ, ಹಬ್ಬದ ಶಾಸ್ತ್ರಕ್ಕ ಒಂದಿಷ್ಟು ಹೋಳಿಗಿ. ಅವ ಬಂದಾವ ಮೊದಲ ಮನಿ ಸುತ್ತ ಒಂದು ಸುತ್ತ ಹಾಕಿದ, ಏನೂ ಮಾತಾಡಲಿಲ್ಲ. ಸಂಜಿಗಿ ಕರೆಂಟ್ ಬಂದಾಗ ಡಿವಿಡಿ ಪ್ಲೇಯರಿಗಿ ಸೀಡಿ ಹಾಕಿದ.

ಮೊದಲಿಗಿ ಬಂದದ್ದು ಹಿಂದಿ ಹಾಡು. ಆಮ್ಯಾಲ ಮಗ ರಿಮೋಟ್ ಒತ್ತಿ 'ಗುಡುಗುಡಿಯ ಸೇದಿ ನೋಡೋ' ಹಚ್ಚಿದ. ಖರೇ ಹೇಳ್ತೀನಿ, ನನಗ ಕಾಲು ಅಲುಗಿತು. ಗುಡುಗುಡಿ ಅಂದ್ರ ಹುಕ್ಕಾ. ಮನಸಿನ ಹೊಲಸೆಲ್ಲಾ ಸುಟ್ಟು ಸೇದೋ ತಮ್ಮಾ ಅನ್ನೂ ಪದ ಅದು, ಹಂಗಂತ ಮಾವನವರು ಹೇಳತಿದ್ರು. ಇವರು ಅದಕ್ಕ ಗಿಟಾರು, ಪಿಟೀಲು, ಡ್ರಮ್ಮು ಕೂಡಿಸಿ ಜಾತ್ರಿ ಮಾಡ್ಯಾರ. ಪಕ್ಕದ ಮನಿ ಹುಡುಗೂರು ತಾಡಪತ್ರಿ ಸರಿಸಿ ಒಳಗ ಬಂದು ಕುಣದ್ವು. ಹಬ್ಬ ಬಂತಲ್ಲ ಅನಿಸಿತು.

ಅದರ ಬೆನ್ನಿಗಿ ಮಗ ಹಚ್ಚಿದ್ದು 'ಸೋರುತಿಹುದು ಮನಿಯ ಮಾಳಿಗಿ'.

ನಾ ಹೋಳಿಗಿ ತಟ್ಟಾಕ ಹತ್ತಿದ್ದೆ. ಮೊದಲ ಮಾತು ಕಿವಿಗಿ ಬಿತ್ತು, ಕೈ ನಿಂತಿತು. ಕಣ್ಣೆತ್ತಿದ್ರ ಎದರಿಗಿ ತಾಡಪತ್ರಿ, ಅದರ ಆಚಿ ಕುಂತ ಖೋಲಿ, ಮಣ್ಣಿನ ಗುಡ್ಡಿ. ಹೊಟ್ಟ್ಯಾಗಿಂದ ಸಿಟ್ಟು ಬಂತು ನೋಡ್ರಿ. ಎದ್ದು ಹೋಗಿ ಹಿಟ್ಟಿನ ಕೈಲೇ ಬಟನ್ ಒತ್ತಿ ಬಂದ್ ಮಾಡಿದೆ. "ಸಿಮೆಂಟಿನ ಮನ್ಯಾಗ ಕುಂತಾವರಿಗಿ ಮಾಳಿಗಿ ಸೋರೂದು ಹಾಡು. ನಮಗ ಅದು ಮನಿ. ನೀ ಆ ಮೂರು ದಿನ ಎಲ್ಲಿದ್ದಿ?" ಅಂದೆ.

ಅನ್ನಬಾರದಿತ್ತು. ಅಂದ ಮ್ಯಾಲ ಗೊತ್ತಾತು. ಹಬ್ಬದ ದಿನ, ರಾತ್ರಿಯೆಲ್ಲಾ ಬಸ್ಸಿನ್ಯಾಗ ನಿದ್ದಿಗೆಟ್ಟು ಬಂದ ಮಗ. ನಮ್ಮ ಮನಿಯವ್ರು ಪೇಪರ್ ಮಡಚಿ ಎದ್ದು ಹೊರಗ ಹೋದ್ರು. ಮಗ ರಿಮೋಟ್ ಕೈಯಾಗ ಹಿಡಕೊಂಡು ಕುಂತ. ಎಷ್ಟೋ ಹೊತ್ತಿನ ಮ್ಯಾಲ ಅಂದ: "ಮೂರು ದಿನ ಫೋನ್ ಹತ್ತಲಿಲ್ಲ ಯವ್ವಾ. ದಾರಿ ಬಂದ್ ಆಗಿದ್ವು, ಬಸ್ ಬಿಡಲಿಲ್ಲ. ಟಿವ್ಯಾಗ ಬಿದ್ದ ಮನಿ ತೋರಸಾಕ ಹತ್ತಿದ್ರು, ಅದರಾಗ ನಮ್ಮದು ಬರ್ತೈತೇನು ಅಂತ ನೋಡತಿದ್ದೆ. ರಾತ್ರಿ ನಿದ್ದಿ ಬರಲಿಲ್ಲ. ಇದೊಂದ ಹಾಡ ಹಚ್ಚಿಕೊಂಡು ಕುಂದರತಿದ್ದೆ. ಅಜ್ಜನ ಹಾಡು ಅಂತ."

ನಾ ಏನೂ ಅನ್ನಲಿಲ್ಲ. ಹಂಚಿನ ಮ್ಯಾಲ ಹೋಳಿಗಿ ಕರಿ ಆಗಿತ್ತು.

ನಡುವ ಬಾಯಿ ಹಾಕಿದವರು ನಮ್ಮತ್ತಿ. "ತಮ್ಮಾ, ಹಚ್ಚೋ ಅದನ್ನ. ನಾ ಇನ್ನೂ ಕೇಳಿಲ್ಲ. ನಿಮ್ಮವ್ವ ಬಂದ್ ಮಾಡಿದ್ಲು."

ಮಗ ನನ್ನ ಮಾರಿ ನೋಡಿದ. ನಾ ತಲಿ ಆಡಿಸಿದೆ. ಮತ್ತ ಮೊದಲಿಂದ ಹಚ್ಚಿದ.

ಈ ಸಲ ಪೂರಾ ಕೇಳಿದೆ. ಮೊದಲನೇ ಸಲ ನಾ ಕೇಳಿದ್ದು ಹಾಡನ್ನಲ್ಲ, ನನ್ನ ಸಂಕಟಾನ. ಎರಡನೇ ಸಲ ತಿಳೀತು, ಈ ಹುಡುಗ ಹಾಡನ್ನ ಚೇಷ್ಟಿ ಮಾಡಿಲ್ಲ. ಗಂಟಲ ಬಿಚ್ಚಿ ಹಾಡ್ಯಾನ. ಮೈಸೂರಾಗ ಬೆಳದಾವ 'ಮನೆ', 'ಮಾಳಿಗೆ' ಅಂತ ತಿದ್ದಿಲ್ಲ, ನಮ್ಮಂಗ 'ಮನಿ', 'ಮಾಳಿಗಿ' ಅಂತಾನ. ನಮ್ಮ ಮಾತು ಗಿಟಾರಿನ ಜೋಡಿ ಕುಂತಿದ್ದು ಕೇಳಿ ಒಂಥರಾ ಅನಿಸಿತು. ಟಿವಿ ಸಿನಿಮಾದಾಗ ನಮ್ಮ ಮಾತು ಬಂದ್ರ ನಗಸಾಕ ಬರ್ತೈತಿ. ಇಲ್ಲಿ ಹಂಗಿಲ್ಲ.

ಹಾಡು ಮುಗೀತು. ಅತ್ತಿ ಅಳ್ತಾರ ಅಂತ ನಾ ತಿಳಿದಿದ್ದೆ. ಅವರು ಸೆರಗಿಲೆ ಬಾಯಿ ಒರಸಿಕೊಂಡು ಅಂದ್ರು: "ನಿಮ್ಮ ಅಜ್ಜಗಿಂತ ಜ್ವಾರ ಹಾಡ್ಯಾನ. ನಿಮ್ಮ ಅಜ್ಜ ಈ ಪದ ಹಾಡತಿದ್ದ ಖರೆ, ಅವ ಒಂದ ವರ್ಷನೂ ಮಾಳಿಗಿ ಏರಿ ಮಣ್ಣ ಹಾಕಿದಾವ ಅಲ್ಲ. ಅವ ಕೆಳಗ ಕುಂತು ಸೋರ್ತೈತಿ ಸೋರ್ತೈತಿ ಅಂತ ಹಾಡಾಂವ, ನಾ ಮ್ಯಾಲ ಏರಿ ತುಳಿಯಾಕಿ. ನೀ ಹೊಟ್ಟ್ಯಾಗಿದ್ದಾಗ ನಿಮ್ಮವ್ವನೂ ಬುಟ್ಟಿ ಏರಿಸಿಕೊಟ್ಟಾಳ, ಕೇಳು."

ಖರೆ ಮಾತು. ಏಳು ತಿಂಗಳಿತ್ತು ನನಗ. ನಿಚ್ಚಣಿಕಿ ಹತ್ತಾಕ ಬಿಡಲಿಲ್ಲ, ಕೆಳಗ ನಿಂತು ಮಣ್ಣಿನ ಬುಟ್ಟಿ ಎತ್ತಿ ಕೊಡತಿದ್ದೆ. ಮಾವನವರು ಕಟ್ಟಿ ಮ್ಯಾಲ ಕುಂತು ಏಕತಾರಿ ಶ್ರುತಿ ಮಾಡತಿದ್ರು. ಇಪ್ಪತ್ತೈದು ವರ್ಷ ಆ ಪದ ಕೇಳಿ ಕಣ್ಣಾಗ ನೀರ ತಂದಾಕಿ ನಾನು. ಮಾಳಿಗಿ ನೆಟ್ಟಗ ಮಾಡೂವ್ರು ಯಾರೂ ಇಲ್ಲ ಅಂತ ಬಂದಾಗೊಮ್ಮೆ ಅಯ್ಯೋ ಅನ್ನತಿದ್ದೆ. ಮಾಡೂವ್ರು ನಾವ ಇದ್ದೆವಲ್ಲ ಅನ್ನೂದು ಒಮ್ಮೆನೂ ಹೊಳೀಲಿಲ್ಲ ನೋಡ್ರಿ. ಶರೀಫಜ್ಜ ಹೇಳಿದ್ದು ಒಳಗಿನ ಮಾಳಿಗಿ, ಅದು ನನಗೂ ಗೊತ್ತು. ಆದ್ರ ಹೊರಗಿನ ಮಾಳಿಗಿಗಿ ಮಣ್ಣು ಹೊತ್ತವರು ಹೆಣ್ಣುಮಕ್ಕಳು, ಇದನ್ನೂ ಯಾರರೆ ಬರಿಬೇಕಲ್ಲ.

ಅವತ್ತ ಎಲ್ಲಾರೂ ನಕ್ವಿ. ಮಗ ಭಾಳ ನಕ್ಕ, ನಕ್ಕೋತನ ಕಣ್ಣು ಒರಸಿಕೊಂಡ.

ಆಮ್ಯಾಲ ನಾಕ ದಿನ ಅವ ಇರೂ ತನಕ ಸೀಡಿ ನಡದ ನಡೀತು. ಈಗ ನನ್ನ ಅಭಿಪ್ರಾಯ ಹೇಳ್ತೀನಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಅದಾವ ಇದರಾಗ. ಶರೀಫಜ್ಜನ ಪದ ಎರಡು. ಹಿಂದಿದರಾಗ ನನಗ ಸೇರಿದ್ದು 'ಹೇ ಭಗವಾನ್'. ದೇವರ, ಇನ್ನೊಂದು ಸಲ ಜಲ್ಮ ಕೊಡಪ್ಪಾ ಅಂತ ಕೇಳೂದು. ಹಂಗ ಕೇಳೂವಾಗ ಅಳಬೇಕಲ್ಲ, ಇವರು ಕುಣಕೋತ ಕೇಳ್ತಾರ! ಮೊದಲ ವಿಚಿತ್ರ ಅನಿಸಿತು. ಆಮ್ಯಾಲ ಭಜನ್ಯಾಗೂ ನಾವು ಹಂಗ ಮಾಡ್ತೀವಲ್ಲ ಅನಿಸಿತು. ಸಾವಿನ ಪದ ಸೈತ ತಾಳ ಹಾಕಿ ಹಾಡ್ತೀವಿ. 'ಮೈಸೂರ್ ಸೇ ಆಯೀ' ಹುಡುಗೂರಿಗಿ ಛಲೋ ಸೇರ್ತೈತಿ. ಇಂಗ್ಲಿಷ್ ಹಾಡು ಅರ್ಧ ತಿಳೀತು. ನಿನ್ನ ನನ್ನಂಗ ಪ್ರೀತಿ ಮಾಡೂ ಗಂಡಸು ಮತ್ತೊಬ್ಬ ಸಿಗಂಗಿಲ್ಲ ಅಂತಾನ. ನಮ್ಮ ಮನಿಯವ್ರ ಕಡೆ ನೋಡಿದೆ, ಅವರು ತೊಗರಿ ಧಾರಣಿ ಓದಾಕ ಹತ್ತಿದ್ರು.

ಸೇರಲಾರದ್ದೂ ಹೇಳಬೇಕಲ್ಲ. ಕೆಲವು ಕಡೆ ಬಾರಿಸೂದು ಜಾಸ್ತಿ ಆಗಿ ಮಾತು ಮುಚ್ಚಿ ಹೋಗ್ತಾವ. ಶರೀಫಜ್ಜನ ಪದದಾಗ ಮಾತು ಹೋದ್ರ ಏನು ಉಳೀತು? ರೊಟ್ಟಿಗಿಂತ ಚಟ್ನಿ ಹೆಚ್ಚಾಗಬಾರದು. ಇನ್ನೊಂದು, ಭಜನ್ಯಾಗ ಒಂದ ನುಡಿ ಹಾಡಿ, ಅರ್ಥ ಹೇಳಿ, ಮತ್ತ ಮುಂದಿನ ನುಡಿಗಿ ಹೋಗ್ತಾರ. ಸೀಡ್ಯಾಗ ಆ ಪುರಸೊತ್ತು ಇಲ್ಲ. ಅರ್ಥ ಗೊತ್ತಿದ್ದವರಿಗಿ ಅಡ್ಡಿ ಇಲ್ಲ, ಬೆಂಗಳೂರಿನ ಹುಡುಗೂರಿಗಿ ಯಾರು ಹೇಳ್ತಾರ? ಮಗನ್ನ ಕೇಳಿದ್ರ, "ಅವರು ಮೊದಲ ಕುಣೀತಾರ, ಆಮ್ಯಾಲ ಅರ್ಥ ಕೇಳ್ತಾರ ಯವ್ವಾ. ನನ್ನ ರೂಮಿನಾವ ತಮಿಳಾವ, ಮಾಳಿಗಿ ಅಂದ್ರೇನು ಅಂತ ನನ್ನ ಕೇಳಿದ" ಅಂದ. ಆತು ಬಿಡು, ಒಬ್ಬ ಕೇಳಿದನಲ್ಲ.

ಹೋಗೂವಾಗ ಮಗ ಎರಡೂ ಪದ ಮೊಬೈಲಿಗಿ ಹಾಕಿ ಕೊಟ್ಟ. ಅವು ಈಗ ನಮ್ಮ ಬಳಗದ ತುಂಬ ಅಡ್ಡಾಡ್ಯಾವ. ಬಸವನ ಬಾಗೇವಾಡ್ಯಾಗಿನ ಮಗಳು ಫೋನ್ ಮಾಡಿದ್ರ ಹಿಂದ ಗುಡುಗುಡಿ ಕೇಳಸ್ತೈತಿ. ಮೊಮ್ಮಗ ಅದನ್ನ ಹಚ್ಚದ ಹೊರತು ಉಣ್ಣಂಗಿಲ್ಲಂತ. ಮುದ್ದೇಬಿಹಾಳದ ತವರಮನ್ಯಾಗ ನಮ್ಮಣ್ಣ ಕೇಳಿ, "ಅಶ್ವತ್ಥರ ಮುಂದ ಇದೇನು ಹಾಡು" ಅಂದ. ಅವಂದು ಅಶ್ವತ್ಥರ ಕ್ಯಾಸೆಟ್ಟಿನ ಕಾಲ. ಟೇಪ್ ಸಿಕ್ಕೊಂಡ್ರ ಪೆನ್ಸಿಲ್ ಹಾಕಿ ಸುತ್ತಿ ಸುತ್ತಿ ಕೇಳಿದಾವ, 1990ರಾಗ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದಾಗ ಎರಡು ಸಲ ನೋಡಿದಾವ. ಆದ್ರ ಅವನಿಗಿ ನಾ ನೆನಪು ಮಾಡಿಕೊಟ್ಟೆ, ನಮ್ಮಪ್ಪ ಆ ಕ್ಯಾಸೆಟ್ ಕೇಳಿ, "ಪೇಟಿ ತಬಲಾ ಬಿಟ್ಟು ಇದೇನು ವಾದ್ಯ ಕೂಡಿಸ್ಯಾರ, ಶರೀಫಜ್ಜನ ಪದ ಕೆಡಿಸಿದ್ರು" ಅಂತಿದ್ದ. ಅಣ್ಣ ಸುಮ್ಮನಾದ.

ಸಿಂದಗಿ ತಾಲೂಕಿನ ತಂಗಿದು ಬ್ಯಾರೆ ಕತಿ. ಅವರದು ಭೀಮಾ ಹೊಳಿ ದಂಡಿ ಊರು. ಅವರ ಮನಿ ಪೂರಾ ಹೋಗೈತಿ, ತಗಡಿನ ಶೆಡ್ಡಿನ್ಯಾಗ ಅದಾರ. ಮಾಳಿಗಿ ಪದ ಕಳಸಬೇಕೋ ಬ್ಯಾಡೋ ಅಂತ ಎರಡು ವಾರ ವಿಚಾರ ಮಾಡಿದೆ. ಕಡೀಕ ಹೋದಾಗ ನಾನ ಕೇಳಿಸಿದೆ. ಕೇಳಿ ತಂಗಿ ಏನಂದ್ಲು ಗೊತ್ತೇನ್ರಿ? "ಅಕ್ಕಾ, ಸೋರಾಕ ಮಾಳಿಗಿ ಆದ್ರೂ ಇತ್ತಲ್ಲ ಅವರಿಗಿ." ಆಮ್ಯಾಲ, "ಇನ್ನೊಮ್ಮೆ ಹಚ್ಚು" ಅಂದ್ಲು. ಅಕ್ಕ ತಂಗಿ ಇಬ್ಬರೂ ಶೆಡ್ಡಿನ ಬಾಗಲಾಗ ಕುಂತು ಮೂರು ಸಲ ಕೇಳಿದ್ವಿ.

ಡಿಸೆಂಬರ್ 29ಕ್ಕ ಅಶ್ವತ್ಥರು ಹೋದ ಸುದ್ದಿ ಬಂತು. ಟಿವ್ಯಾಗ ದಿನಪೂರ್ತಿ ಅವರ ಹಾಡು ಹಾಕಿದ್ರು. ಅತ್ತಿ ಕೇಳಿ, "ಪಾಪ, ಇವರೂ ಅಜ್ಜನ ಕಡೆ ಹೋದ್ರೇನು" ಅಂದ್ರು. ಮಾವನವರ ಏಕತಾರಿ, ಅಪ್ಪನ ಪೇಟಿ, ಅಶ್ವತ್ಥರ ಕ್ಯಾಸೆಟ್ಟು, ಈಗ ಈ ಹುಡುಗನ ಗಿಟಾರು. ಪದ ಮಾತ್ರ ಅದ. ವರ್ಷಾ ವರ್ಷಾ ಹೊಸ ಮಣ್ಣು ಹಾಕಿದ್ರ ಹಳಿ ಮಾಳಿಗಿ ನಿಲ್ತಿತ್ತಲ್ಲ, ಪದಾನೂ ಹಂಗೇನೋ ಅನಸ್ತೈತಿ. ಹಾಕಲಾರದ ವರ್ಷ ಏನಾತು ಅಂತ ನಾವು ಕಣ್ಣಿಲೆ ಕಂಡೀವಿ.

ಸಂಕ್ರಾಂತಿ ಮುಗದೈತಿ. ಹಿಂದಿನ ಖೋಲಿಗಿ ಸ್ಲ್ಯಾಬ್ ಹಾಕಸೂದು ಅಂತ ಮಾತಾಗೈತಿ, ಮಗ ಅರ್ಧ ರೊಕ್ಕ ಕಳಸ್ತಾನ. ಪಡಸಾಲಿ ಮಾತ್ರ ಮಣ್ಣಿಂದ ಇರಲಿ, ಬ್ಯಾಸಿಗ್ಯಾಗ ತಂಪಿರ್ತೈತಿ ಅಂತ ಅತ್ತಿ ಹಟ. ಹಂಗಾದ್ರ ಈ ಸಲ ಮಿರಗಕ್ಕ ಮೊದಲ ಮಣ್ಣು ಹಾಕಬೇಕು. ಮಗನಿಗಿ ಫೋನಿನ್ಯಾಗ ಹೇಳೀನಿ, ಮೇ ತಿಂಗಳಾಗ ನಾಕ ದಿನ ರಜಾ ತಗೊಂಡು ಬಾ, ಬುಟ್ಟಿ ಹೊರಾಕ ಆಳು ಬೇಕು. "ಬರ್ತೀನಿ ಯವ್ವಾ, ಸೀಡಿ ತೆಗದಿಡು" ಅಂದಾನ. ಮಣ್ಣು ತುಳಿಯೂವಾಗ ಗುಡುಗುಡಿ ಹಚ್ಚೂದಂತ. ಅತ್ತಿಗಿ ಹೇಳಿದ್ರ, "ಛಲೋ ಆತು, ಕಾಲು ಲಗೂನ ಬೀಳ್ತಾವ" ಅಂದ್ರು.